ಮೌಸ್ ಎಳೆಯುತ್ತಿದೆಯೇ, ಹಾರುತ್ತಿದೆಯೇ? ಸೆನ್ಸಿಟಿವಿಟಿಯನ್ನು ಕೊನೆಗೆ ಮುಟ್ಟಿ

"ಅಣ್ಣಾ, ಸೆನ್ಸಿಟಿವಿಟಿ ಎಷ್ಟಿಡಲಿ?" ಗೇಮ್ ಆಡುವ ಹುಡುಗರು ನನ್ನನ್ನು ಕೇಳುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಇದೇ. ಸೆನ್ಸಿಟಿವಿಟಿ ಅಂದರೆ ಮೌಸ್ ಸರಿಸಿದಷ್ಟಕ್ಕೆ ಆಟದಲ್ಲಿ ಗುರಿ ಎಷ್ಟು ತಿರುಗಬೇಕು ಎಂಬ ಲೆಕ್ಕ. ಒಂದು ಸಂಖ್ಯೆ ಹೇಳುತ್ತೇನೆ. ಎರಡು ದಿನ ಆಡುತ್ತಾರೆ. ಮೂರನೇ ದಿನ "ಇಲ್ಲ ಅಣ್ಣಾ, ಸರಿ ಹೋಗ್ತಿಲ್ಲ" ಅಂತ ಮತ್ತೆ ಅದೇ ಪ್ರಶ್ನೆ. ಸಂಖ್ಯೆಯಲ್ಲಿ ತಪ್ಪಿಲ್ಲ, ಕ್ರಮ ತಲೆಕೆಳಗಾಗಿದೆ. ಎಲ್ಲಕ್ಕಿಂತ ಕೊನೆಗೆ ಮುಟ್ಟಬೇಕಾದ ಸ್ಲೈಡರ್ ಅನ್ನು ಎಲ್ಲರೂ ಮೊದಲು ಮುಟ್ಟುತ್ತಾರೆ. ಕೆಳಗಿನ ಹಂತಗಳಲ್ಲಿ ಒಂದನ್ನು ಹಾರಿಸಿದರೂ ಮುಂದಿನದಕ್ಕೆ ಅರ್ಥವಿರುವುದಿಲ್ಲ, ಹಾಗಾಗಿ ಇದೇ ವರಸೆಯಲ್ಲಿ ಮಾಡಿ. ಉದಾಹರಣೆಗಳೆಲ್ಲ ವಿಂಡೋಸ್ ಕಂಪ್ಯೂಟರಿನವು. ಆಟಗಳು ಹೆಚ್ಚಾಗಿ ವ್ಯಾಲೊರಂಟ್ ಮತ್ತು ಕೌಂಟರ್-ಸ್ಟ್ರೈಕ್ 2 ಎಂಬ ಶೂಟಿಂಗ್ ಆಟಗಳು.

ಮೊದಲು ಇವನ್ನು ಪಕ್ಕದಲ್ಲಿಟ್ಟುಕೊಳ್ಳಿ

ಶಾಲೆಯ 30 ಸೆಂಟಿಮೀಟರ್ ಸ್ಕೇಲು, ಪೆನ್ನು, ಒಂದು ಹಾಳೆ, ಮೆತ್ತನೆಯ ಒಣ ಬಟ್ಟೆ, ಎರಡು ಹತ್ತಿಕಡ್ಡಿ. ವೈರ್‌ಲೆಸ್ ಮೌಸ್ ಆದರೆ ಒಂದು ಯುಎಸ್‌ಬಿ ಎಕ್ಸ್‌ಟೆನ್ಶನ್ ಕೇಬಲ್. ನಿಮ್ಮ ಮೌಸ್ ಕಂಪನಿಯ ಸ್ವಂತ ಸಾಫ್ಟ್‌ವೇರ್ ಇದ್ದರೆ ಅದು. ಮುಖಪುಟದಲ್ಲೇ "ಲ್ಯಾಗ್ ಫಿಕ್ಸ್" ಎಂದು ಬರೆದುಕೊಂಡಿರುವ ಬೇರಾವ ಸಾಫ್ಟ್‌ವೇರೂ ಬೇಡ.

ಹಾಳೆ ಯಾಕೆ ಅಂದರೆ, ಈಗಿರುವ ಎಲ್ಲ ಸೆಟ್ಟಿಂಗ್ ಬರೆದಿಟ್ಟುಕೊಳ್ಳಲು. ಡಿಪಿಐ, ಪೋಲಿಂಗ್ ರೇಟ್ (ಇವೆರಡೂ ಏನೆಂದು ಹಂತ 5ರಲ್ಲಿದೆ), ವಿಂಡೋಸ್ ಸ್ಲೈಡರ್ ಎಲ್ಲಿದೆ, ಆಟದೊಳಗೆ ಎಷ್ಟಿದೆ, ಎಲ್ಲವನ್ನೂ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸಿದ್ದನ್ನು ಬರೆಯಿರಿ. ಐದನ್ನು ಒಟ್ಟಿಗೆ ಬದಲಿಸಿ "ಈಗ ಚೆನ್ನಾಗಿದೆ" ಅಂದರೆ ಯಾವುದರಿಂದ ಚೆನ್ನಾಯಿತು ಅಂತ ಗೊತ್ತಾಗುವುದಿಲ್ಲ. ಕೆಟ್ಟರಂತೂ ಹಿಂದಕ್ಕೆ ಹೋಗಲು ದಾರಿಯೇ ಇರುವುದಿಲ್ಲ.

ಹಂತ 1: ತಪ್ಪು ಮೌಸಿನದ್ದೇ ಹೌದೇ?

ಹುಡುಗರ ಬಾಯಲ್ಲಿ "ಲ್ಯಾಗ್" ಅನ್ನುವುದು ಮೂರು ಬೇರೆ ಬೇರೆ ಕಾಯಿಲೆಗಳ ಹೆಸರು. ಒಂದು ನೆಟ್‌ವರ್ಕಿನದು. ಎದುರಾಳಿ ಅಲ್ಲಿಂದಿಲ್ಲಿಗೆ ಜಿಗಿಯುತ್ತಾನೆ, ಗುಂಡು ಬಿದ್ದರೂ ಲೆಕ್ಕಕ್ಕೆ ಬರುವುದಿಲ್ಲ, ಗೋಡೆಯ ಹಿಂದೆ ಅಡಗಿದ ಮೇಲೆ ನೀವು ಸಾಯುತ್ತೀರಿ. ಆದರೆ ಕ್ರಾಸ್‌ಹೇರ್ (ಪರದೆಯ ನಡುವಿನ ಗುರಿಯ ಗುರುತು) ಮಾತ್ರ ನಿಮ್ಮ ಕೈ ಹೇಳಿದಂತೆ ಕೇಳುತ್ತಿರುತ್ತದೆ, ಯಾಕೆಂದರೆ ಗುರಿ ತಿರುಗಿಸುವ ಕೆಲಸ ನಡೆಯುವುದು ನಿಮ್ಮ ಕಂಪ್ಯೂಟರಿನಲ್ಲೇ ಹೊರತು ಸರ್ವರಿನಲ್ಲಿ ಅಲ್ಲ. ಪಿಂಗ್, ಅಂದರೆ ಸರ್ವರಿಗೆ ಹೋಗಿಬರುವ ಸಮಯ, 150 ಮಿಲಿಸೆಕೆಂಡ್ ಇದ್ದರೂ ಕ್ರಾಸ್‌ಹೇರ್ ನುಣ್ಣಗೆ ಓಡಬೇಕು.

ಎರಡನೆಯದು ಫ್ರೇಮಿನದು, ಅಂದರೆ ಪರದೆಗೆ ಒಂದರ ಹಿಂದೆ ಒಂದು ಬರುವ ಚಿತ್ರಗಳದು. ಹೊಗೆ, ಸ್ಫೋಟ, ನಾಲ್ಕೈದು ಜನ ಒಟ್ಟಿಗೆ ಬಂದಾಗ ಮಾತ್ರ ಮೌಸ್ ಭಾರವಾಗುತ್ತದೆ, ಖಾಲಿ ಜಾಗದಲ್ಲಿ ಸರಿಯಿರುತ್ತದೆ. ಹಾಗಿದ್ದರೆ ಅದು ಗ್ರಾಫಿಕ್ಸ್ ಕಾರ್ಡ್ ಅಥವಾ ಪ್ರೊಸೆಸರಿನ ಸಮಸ್ಯೆ. ಹಂತ 6ರಲ್ಲಿ ಅದಕ್ಕೆ ಔಷಧಿ ಇದೆ.

ಮೂರನೆಯದು ನಿಜವಾಗಿ ಮೌಸಿನದು. ಆಟ ಮುಚ್ಚಿ, ಡೆಸ್ಕ್‌ಟಾಪ್‌ನಲ್ಲಿ ಕರ್ಸರ್ ಅನ್ನು ನಿಧಾನವಾಗಿ ದುಂಡಗೆ ಸುತ್ತಿಸಿ. ಅಲ್ಲೂ ತಡವರಿಸಿದರೆ, ತಟ್ಟನೆ ನಿಂತು ಜಿಗಿದರೆ, ಕಾಯಿಲೆ ಮೌಸಿನಿಂದ ಯುಎಸ್‌ಬಿವರೆಗಿನ ದಾರಿಯಲ್ಲಿದೆ. ಈ ಎರಡು ನಿಮಿಷದ ಪರೀಕ್ಷೆ ಬಿಟ್ಟು ನೇರ ಹೊಸ ಮೌಸ್ ಕೊಂಡವರನ್ನು ಸಾಕಷ್ಟು ನೋಡಿದ್ದೇನೆ. ಮನೆಯ ವೈಫೈ ರೂಟರ್ ಅಡುಗೆಮನೆಯ ಆಚೆ ಇದ್ದರೆ ಮೌಸ್ ಏನು ಮಾಡೀತು?

ಹಂತ 2: ಪ್ಯಾಡು, ಕಣ್ಣು, ಬಾಲ

ದಾವಣಗೆರೆಯಲ್ಲಿರುವ ಚಿಕ್ಕಪ್ಪನ ಮಗ ಫೋನಿನಲ್ಲಿ ವಾರಗಟ್ಟಲೆ ಗೋಳಾಡುತ್ತಿದ್ದ. ಹಬ್ಬಕ್ಕೆ ಹೋದಾಗ ನೋಡಿದೆ. ಮೇಜಿನ ಮೇಲೆ ಗಾಜು, ಗಾಜಿನಡಿ ಅಜ್ಜನ ಫೋಟೊ, ಸಹಕಾರಿ ಬ್ಯಾಂಕಿನ ಕ್ಯಾಲೆಂಡರು, ಒಂದು ಎಲ್‌ಐಸಿ ರಸೀದಿ. ಅದರ ಮೇಲೇ ಮೌಸ್ ಓಡಿಸುತ್ತಿದ್ದ. ಅಜ್ಜನ ಫೋಟೊ ಮೇಲೆ ಒಂದು ವೇಗ, ಕ್ಯಾಲೆಂಡರಿನ ಮೇಲೆ ಇನ್ನೊಂದು, ಬರಿ ಗಾಜಿನ ಮೇಲೆ ಕರ್ಸರ್ ಕದಲುವುದೇ ಇಲ್ಲ. ಮಳಿಗೆಯವನೊಬ್ಬ ಆಗಲೇ ಅದರ ವೈರು ಬದಲಿಸಿ 250 ರೂಪಾಯಿ ತೆಗೆದುಕೊಂಡಿದ್ದ.

ಮೌಸಿನ ಹೊಟ್ಟೆಯಲ್ಲಿರುವುದು ಒಂದು ಪುಟ್ಟ ಕ್ಯಾಮೆರಾ, ಅದೇ ಸೆನ್ಸರ್. ತನ್ನ ಕೆಳಗಿನ ನೆಲವನ್ನು ಸೆಕೆಂಡಿಗೆ ಸಾವಿರಾರು ಬಾರಿ ಚಿತ್ರ ತೆಗೆದು, ಒಂದು ಚಿತ್ರಕ್ಕೂ ಮುಂದಿನದಕ್ಕೂ ಎಷ್ಟು ಸರಿದಿದೆ ಎಂದು ಲೆಕ್ಕ ಹಾಕುತ್ತದೆ. ಅದಕ್ಕೆ ಗುರುತು ಹಿಡಿಯಲು ಸಣ್ಣ ಸಣ್ಣ ಉಬ್ಬುತಗ್ಗು ಬೇಕು. ಗಾಜಿನಲ್ಲಿ, ಹೊಳೆಯುವ ಸನ್ಮೈಕಾದಲ್ಲಿ ಅದು ಸಿಗುವುದಿಲ್ಲ. ಹಾಗಾಗಿ ಬಟ್ಟೆಯ ಪ್ಯಾಡು ಕಡ್ಡಾಯ, ಅದೂ ಚಿತ್ರವಿಲ್ಲದ ಒಂದೇ ಬಣ್ಣದ್ದಾದರೆ ಒಳ್ಳೆಯದು. ಅಗಲ ಕನಿಷ್ಠ 40 ಸೆಂಟಿಮೀಟರ್ ಇರಲಿ. ಬ್ಯಾಂಕು, ಕಂಪನಿಗಳು ಉಚಿತ ಕೊಡುವ ತಟ್ಟೆಯಗಲದ ಪ್ಯಾಡಿನಲ್ಲಿ ಶೂಟಿಂಗ್ ಆಟ ಆಡುವುದು ಬಚ್ಚಲಲ್ಲಿ ಈಜಿದಂತೆ.

ಹತ್ತಿಕಡ್ಡಿಯಿಂದ ಸೆನ್ಸರಿನ ಕುಳಿಯನ್ನು ಮೆಲ್ಲಗೆ ಒರೆಸಿ. ಒಂದೇ ಒಂದು ಕೂದಲು ಅಡ್ಡ ಸಿಕ್ಕಿಕೊಂಡರೂ ಕರ್ಸರ್ ನಡುಗುತ್ತದೆ. ಅಡಿಯ ಬಿಳಿ ಅಥವಾ ಕಪ್ಪು ಜಾರುಪಟ್ಟಿಗಳ ಅಂಚಿಗೆ ಅಂಟಿದ ಕೊಳೆ ತೆಗೆಯಿರಿ. ಕೇರಂ ಬೋರ್ಡಿಗೆ ಪೌಡರ್ ಹಾಕದೆ ಸ್ಟ್ರೈಕರ್ ಹೊಡೆದರೆ ಹೇಗಿರುತ್ತದೋ ಸವೆದ ಪಟ್ಟಿಯ ಮೌಸೂ ಹಾಗೇ: ಮೊದಲು ಕಚ್ಚಿಕೊಳ್ಳುತ್ತದೆ, ಆಮೇಲೆ ತಟ್ಟನೆ ಬಿಟ್ಟು ಜಾಸ್ತಿ ಹೋಗುತ್ತದೆ. ಹಾಗಂತ ಪ್ಯಾಡಿಗೆ ಪೌಡರ್ ಹಾಕಬೇಡಿ! ನಕ್ಕುಬಿಡಬೇಡಿ, ಹಾಕಿದವನೊಬ್ಬನಿದ್ದಾನೆ, ಸೆನ್ಸರಿನೊಳಗೆಲ್ಲ ಪೌಡರ್ ತುಂಬಿತ್ತು.

ಕರಾವಳಿಯವರಿಗೆ ಇನ್ನೊಂದು ಮಾತು. ಮಂಗಳೂರು, ಉಡುಪಿ ಕಡೆ ಮಳೆಗಾಲದಲ್ಲಿ ಬಟ್ಟೆಯ ಪ್ಯಾಡು ತೇವ ಹೀರಿ ಜಡವಾಗುತ್ತದೆ. ಕೈಯ ಬೆವರೂ ಸೇರಿದರೆ ಅದೇ ಸೆನ್ಸಿಟಿವಿಟಿ ಬೇಸಿಗೆಯಲ್ಲಿ ಒಂದು ಥರ, ಜುಲೈನಲ್ಲಿ ಒಂದು ಥರ. ತಿಂಗಳಿಗೊಮ್ಮೆ ಉಗುರುಬೆಚ್ಚಗಿನ ನೀರು, ಸ್ವಲ್ಪ ಶಾಂಪೂ ಹಾಕಿ ತೊಳೆದು, ನೆರಳಿನಲ್ಲಿ ಪೂರ್ತಿ ಒಣಗಿಸಿ. ಎಲ್‌ಇಡಿ ದೀಪವಿರುವ ಪ್ಯಾಡಾದರೆ ನೀರಿಗೆ ಹಾಕಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಕೊನೆಗೆ ಬಾಲ, ಅಂದರೆ ವೈರು. ಮೌಸ್ ಬಲಕ್ಕೆ ಎಳೆದಾಗ ಸಲೀಸಾಗಿದ್ದು ಎಡಕ್ಕೆ ಎಳೆದಾಗ ಜಗ್ಗಿದಂತಾದರೆ ವೈರು ಮೇಜಿನ ಅಂಚಿಗೆ ಉಜ್ಜುತ್ತಿದೆ ಎಂದರ್ಥ. ಮಾನಿಟರಿನ ಬುಡದಲ್ಲಿ ಒಂದು ಸೆಲೋಟೇಪ್ ಹಚ್ಚಿ, ಅಲ್ಲಿಂದ ಮೌಸಿಗೆ ಒಂದು ಗೇಣು ಸಡಿಲ ಬಿಡಿ.

ಹಂತ 3: ಪೋರ್ಟು ಮತ್ತು ರಿಸೀವರು

ವೈರಿನ ಮೌಸನ್ನು ಹಬ್‌ಗೆ, ಕೀಬೋರ್ಡಿನ ಮೇಲಿನ ಪೋರ್ಟಿಗೆ ಸಿಕ್ಕಿಸಬೇಡಿ. ಡೆಸ್ಕ್‌ಟಾಪ್ ಆದರೆ ಹಿಂದುಗಡೆ, ಮದರ್‌ಬೋರ್ಡಿಗೇ ಅಂಟಿರುವ ಪೋರ್ಟು.

ವೈರ್‌ಲೆಸ್ಸಿನ ಕಥೆ ಬೇರೆ. ಬ್ಲೂಟೂತ್ ಮತ್ತು 2.4 ಗಿಗಾಹರ್ಟ್ಸ್ ರಿಸೀವರ್ ಎರಡೂ ಇರುವ ಮೌಸಾದರೆ ಆಟಕ್ಕೆ ಯಾವಾಗಲೂ ರಿಸೀವರನ್ನೇ ಬಳಸಿ. ಬ್ಲೂಟೂತ್ ಕಡತ ತೆರೆಯಲು ಸಾಕು, ಗುಂಡು ಹೊಡೆಯಲು ಸಾಲದು. ರಿಸೀವರನ್ನು ಸಿಪಿಯು ಹಿಂದೆ, ಪೆನ್‌ಡ್ರೈವ್ ಪಕ್ಕ ಸಿಕ್ಕಿಸುವುದು ನಾನು ಅತಿ ಹೆಚ್ಚು ಕಾಣುವ ತಪ್ಪು. ಯುಎಸ್‌ಬಿ 3.0 ಸಾಧನಗಳು ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲೇ ಗದ್ದಲ ಎಬ್ಬಿಸುತ್ತವೆ ಎಂದು ಇಂಟೆಲ್ 2012ರಲ್ಲೇ ಅಳೆದು ತೋರಿಸಿತ್ತು. ಎಕ್ಸ್‌ಟೆನ್ಶನ್ ಕೇಬಲ್ ಹಾಕಿ ರಿಸೀವರನ್ನು ಪ್ಯಾಡಿನ ಮೇಲ್ತುದಿಯ ಹತ್ತಿರ, ಮೌಸಿಗೆ 20-30 ಸೆಂಟಿಮೀಟರ್ ದೂರದಲ್ಲಿ ತಂದಿಡಿ. ನೂರಿನ್ನೂರು ರೂಪಾಯಿಯ ಈ ಕೇಬಲ್ ಸರಿಪಡಿಸಿದಷ್ಟು ಮೌಸುಗಳನ್ನು ಯಾವ ಸಾಫ್ಟ್‌ವೇರೂ ಸರಿಪಡಿಸಿದ್ದನ್ನು ನಾನು ನೋಡಿಲ್ಲ.

ಎಚ್ಚರಿಕೆಯ ಗುರುತು: ಹಾರ್ಡ್‌ಡಿಸ್ಕಿಗೆ ಫೈಲ್ ಕಾಪಿ ಆಗುವಾಗಲೇ ಮೌಸ್ ತಡವರಿಸಿದರೆ ಅದು ಈ ಗದ್ದಲ. ಒಂದೆರಡು ನಿಮಿಷ ಸುಮ್ಮನಿದ್ದು ಮುಟ್ಟಿದಾಗ ಮಾತ್ರ ಕ್ಷಣಕಾಲ ಏಳದಿದ್ದರೆ ಅದು ನಿದ್ದೆ. ನಿದ್ದೆಗೆ ಮದ್ದು ಎರಡು ಕಡೆ. ಡಿವೈಸ್ ಮ್ಯಾನೇಜರ್‌ನಲ್ಲಿ ಯುಎಸ್‌ಬಿ ರೂಟ್ ಹಬ್‌ನ ಪವರ್ ಮ್ಯಾನೇಜ್‌ಮೆಂಟ್ ತೆರೆದು, ವಿದ್ಯುತ್ ಉಳಿಸಲು ಸಾಧನವನ್ನು ಆಫ್ ಮಾಡಬಹುದು ಎಂಬ ಟಿಕ್ ತೆಗೆಯಿರಿ; ಪವರ್ ಆಪ್ಷನ್ಸ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಅನ್ನು ಡಿಸೇಬಲ್ ಮಾಡಿ. ಮೌಸಿನ ಬ್ಯಾಟರಿಯನ್ನೂ ಒಮ್ಮೆ ನೋಡಿ.

ಹಂತ 4: ವಿಂಡೋಸ್ ಮೂಗು ತೂರಿಸದಂತೆ ಮಾಡಿ

ವಿಂಡೋಸ್ ಕೀ ಜೊತೆ ಆರ್ ಒತ್ತಿ, ಮೇನ್ ಡಾಟ್ ಸಿಪಿಎಲ್ (main.cpl) ಎಂದು ಟೈಪ್ ಮಾಡಿ ಎಂಟರ್ ಕೊಟ್ಟರೆ ಹಳೆಯ ಮೌಸ್ ಪ್ರಾಪರ್ಟೀಸ್ ಕಿಟಕಿ ತೆರೆದುಕೊಳ್ಳುತ್ತದೆ. ಪಾಯಿಂಟರ್ ಆಪ್ಷನ್ಸ್‌ಗೆ ಹೋಗಿ. ಅಲ್ಲಿ ಮಾಡಬೇಕಾದ್ದು ಎರಡೇ.

"ಎನ್‌ಹಾನ್ಸ್ ಪಾಯಿಂಟರ್ ಪ್ರಿಸಿಶನ್" ಎಂಬುದರ ಟಿಕ್ ತೆಗೆಯಿರಿ. ಹೆಸರು ಕೇಳಿದರೆ ನಿಖರತೆ ಹೆಚ್ಚಿಸುವಂತಿದೆ, ಮಾಡುವ ಕೆಲಸ ತದ್ವಿರುದ್ಧ. ಇದು ಆಕ್ಸೆಲರೇಶನ್. ಕೈ ನಿಧಾನ ಹೋದರೆ ಕರ್ಸರ್ ಕಡಿಮೆ, ಅದೇ ದೂರವನ್ನು ರಭಸದಿಂದ ಸರಿಸಿದರೆ ಕರ್ಸರ್ ಜಾಸ್ತಿ. ಎಕ್ಸೆಲ್ ಹಾಳೆಯಲ್ಲಿ ಇದು ಅನುಕೂಲವೇ. ಆಟದಲ್ಲಿ ಮಾತ್ರ ಕೈಗೆ ದೂರದ ಲೆಕ್ಕ ಸಿಗುವುದೇ ಇಲ್ಲ.

ಪಾಯಿಂಟರ್ ಸ್ಪೀಡ್ ಸ್ಲೈಡರಿನಲ್ಲಿ 11 ಗೆರೆಗಳಿವೆ. ಸರಿಯಾಗಿ ಮಧ್ಯದ ಆರನೆಯದಕ್ಕೆ ತನ್ನಿ. ಅಲ್ಲಿ ಮೌಸ್ ಕಳಿಸಿದ ಒಂದು ಎಣಿಕೆಗೆ (ಮೌಸ್ ತನ್ನ ಚಲನೆಯನ್ನು ಅಳೆಯುವ ಅತಿ ಸಣ್ಣ ಹೆಜ್ಜೆ) ಕರ್ಸರ್ ಒಂದೇ ಪಿಕ್ಸೆಲ್ ಸರಿಯುತ್ತದೆ. ಅದಕ್ಕಿಂತ ಬಲಕ್ಕೆ ಹೋದರೆ ಪಿಕ್ಸೆಲ್ ಹಾರಿಸುತ್ತದೆ, ಎಡಕ್ಕೆ ಹೋದರೆ ಎಣಿಕೆ ನುಂಗುತ್ತದೆ. ವಿಂಡೋಸ್ 11ರ ಹೊಸ ಸೆಟ್ಟಿಂಗ್ಸ್ ಪುಟದಲ್ಲಿ ಇದೇ ಸ್ಲೈಡರ್ 1ರಿಂದ 20ರವರೆಗಿದೆ. ಅಲ್ಲಿ 10 ಅಂದರೆ ಇಲ್ಲಿನ ಆರನೇ ಗೆರೆ.

ಇನ್ನು ಆಟದೊಳಗೆ "ರಾ ಇನ್‌ಪುಟ್" ಎಂಬ ಆಯ್ಕೆ ಕಂಡರೆ ಆನ್ ಮಾಡಿ. ಆಗ ಆಟ ವಿಂಡೋಸಿನ ಸ್ಲೈಡರನ್ನು ಕೇಳದೆ ನೇರ ಮೌಸಿನ ಎಣಿಕೆಯನ್ನೇ ಓದುತ್ತದೆ. ಮೈನ್‌ಕ್ರಾಫ್ಟ್ ಜಾವಾದಲ್ಲಿ, ಜಿಟಿಎ 5ರಲ್ಲಿ ಈ ಆಯ್ಕೆ ಇದೆ. ಕೌಂಟರ್-ಸ್ಟ್ರೈಕ್ 2ರಲ್ಲಿ ಹುಡುಕಬೇಡಿ, ಅದು ಯಾವಾಗಲೂ ಹಾಗೇ ಓದುತ್ತದೆ. "ರಾ ಇನ್‌ಪುಟ್ ಇದ್ದ ಮೇಲೆ ವಿಂಡೋಸ್ ಸೆಟ್ಟಿಂಗ್ ಯಾಕೆ ಮುಟ್ಟಬೇಕು?" ಅಂತ ಕೇಳಬಹುದು. ಆ ಆಯ್ಕೆ ಇಲ್ಲದ ಆಟಗಳೂ ಇವೆ. ಮೇಲಾಗಿ ದಿನವಿಡೀ ಡೆಸ್ಕ್‌ಟಾಪಿನಲ್ಲಿ ಒಂದು ಅಭ್ಯಾಸ, ರಾತ್ರಿ ಆಟದಲ್ಲಿ ಇನ್ನೊಂದು ಅಂದರೆ ಕೈ ಗೊಂದಲಕ್ಕೆ ಬೀಳುತ್ತದೆ.

ಯೂಟ್ಯೂಬ್ ನೋಡಿ ರಿಜಿಸ್ಟ್ರಿಗೆ, ಅಂದರೆ ವಿಂಡೋಸಿನ ಒಳಗಿನ ಸೆಟ್ಟಿಂಗ್‌ಗಳ ಕಡತಕ್ಕೆ, ಕೈ ಹಾಕಬೇಡಿ. ಮೌಸ್ ಡೇಟಾ ಕ್ಯೂ ಸೈಜ್ ಅನ್ನು ಇಳಿಸಿದರೆ ಲ್ಯಾಗ್ ಹೋಗುತ್ತದೆ ಅನ್ನುವ ವಿಡಿಯೊಗಳು ತುಂಬಾ ಓಡಾಡುತ್ತಿವೆ. ಅದು ಮೌಸಿನ ಸಂದೇಶಗಳು ಕಾಯುವ ಕೊಠಡಿಯ ಗಾತ್ರವಷ್ಟೇ, ಕಾಯುವ ಸಮಯವಲ್ಲ. ಕೊಠಡಿ ತೀರಾ ಚಿಕ್ಕದಾದರೆ ಸಂದೇಶಗಳು ಹೊರಗೆ ಬಿದ್ದು ಕರ್ಸರ್ ಹಾರುತ್ತದೆ. ಈಗಾಗಲೇ ಬದಲಿಸಿದ್ದರೆ ಮೊದಲಿದ್ದ ಬೆಲೆಗೆ ಮರಳಿಸಿ ರೀಸ್ಟಾರ್ಟ್ ಮಾಡಿ.

ಹಂತ 5: ಡಿಪಿಐ, ಪೋಲಿಂಗ್ ರೇಟ್

ಡಿಪಿಐ ಅಂದರೆ ಮೌಸ್ ಒಂದು ಇಂಚು, ಅಂದರೆ 2.54 ಸೆಂಟಿಮೀಟರ್ ಸರಿದಾಗ ಕಂಪ್ಯೂಟರಿಗೆ ಕಳಿಸುವ ಎಣಿಕೆ. 800 ಅಥವಾ 1600, ಎರಡರಲ್ಲೊಂದು ಆರಿಸಿ ಮುಗಿಸಿ. ಡಬ್ಬದ ಮೇಲೆ 12,800, 25,600 ಅಂತ ಅಚ್ಚು ಹಾಕಿರುವುದು ಅಂಗಡಿಯಲ್ಲಿ ನಿಮ್ಮನ್ನು ನಿಲ್ಲಿಸಲಿಕ್ಕೆ. ಅಗ್ಗದ ಮೌಸುಗಳಲ್ಲಿ ಆ ದೊಡ್ಡ ಸಂಖ್ಯೆ ಸೆನ್ಸರ್ ನಿಜವಾಗಿ ಕಂಡದ್ದಲ್ಲ, ಕಂಡದ್ದನ್ನೇ ಗುಣಿಸಿ ಹಿಗ್ಗಿಸಿದ್ದು. ನಡುಕವೂ ಜೊತೆಗೇ ಹಿಗ್ಗುತ್ತದೆ.

ಮೌಸ್ ಹೇಳುವ ಡಿಪಿಐ ನಿಜವೇ ಅಂತ ಸ್ಕೇಲಿನಿಂದಲೇ ಪರೀಕ್ಷಿಸಬಹುದು. ಹಂತ 4 ಮುಗಿದಿರಬೇಕು. ಪರದೆ 1920 ಪಿಕ್ಸೆಲ್ ಅಗಲದ್ದಾದರೆ, ಕರ್ಸರನ್ನು ಎಡ ಅಂಚಿಗೆ ತಾಗಿಸಿ, ಮೌಸಿನ ಪಕ್ಕ ಸ್ಕೇಲಿಟ್ಟು ನೇರ ಬಲಕ್ಕೆ ಸರಿಸಿ. 800 ಡಿಪಿಐಗೆ ಸುಮಾರು 6.1 ಸೆಂಟಿಮೀಟರಿನಲ್ಲಿ ಬಲ ಅಂಚು ಮುಟ್ಟಬೇಕು, 1600ಕ್ಕೆ ಮೂರರಲ್ಲಿ. ಒಂದೆರಡು ಮಿಲಿಮೀಟರ್ ಹೆಚ್ಚುಕಮ್ಮಿ ಸಹಜ. ನನ್ನದೇ ಒಂದು ಹಳೆಯ ಮೌಸ್ "800" ಎಂದು ದೀಪ ತೋರಿಸುತ್ತ 5 ಸೆಂಟಿಮೀಟರಿನಲ್ಲೇ ಗುರಿ ಮುಟ್ಟುತ್ತಿತ್ತು, ಅಂದರೆ ನಿಜದಲ್ಲಿ ಅದು ಸಾವಿರದ ಹತ್ತಿರ. ಹಾಗಿದ್ದರೂ ಚಿಂತೆಯಿಲ್ಲ; ನಿಜ ಎಷ್ಟೆಂದು ಹಾಳೆಯಲ್ಲಿ ಬರೆದುಕೊಂಡು ಮುಂದಿನ ಲೆಕ್ಕಕ್ಕೆ ಅದನ್ನೇ ಬಳಸಿ.

ಮೌಸಿನ ಬೆನ್ನ ಮೇಲೆ ಡಿಪಿಐ ಬಟನ್ ಇದ್ದರೆ ಅದೇ ಶತ್ರು. ಆಟದ ಬಿಸಿಯಲ್ಲಿ ಬೆರಳು ತಾಗಿ 800 ಹೋಗಿ 2400 ಆಗಿರುತ್ತದೆ. ಸಾಫ್ಟ್‌ವೇರಿನಲ್ಲಿ ಒಂದೇ ಹಂತ ಉಳಿಸಿ ಉಳಿದದ್ದನ್ನು ಅಳಿಸಿ, ಅಥವಾ ಆ ಬಟನ್‌ಗೆ ಬೇರೆ ಕೆಲಸ ಕೊಡಿ.

ಪೋಲಿಂಗ್ ರೇಟ್ ಅಂದರೆ ಮೌಸ್ ಸೆಕೆಂಡಿಗೆ ಎಷ್ಟು ಸಲ ವರದಿ ಒಪ್ಪಿಸುತ್ತದೆ ಎಂಬುದು. 125 ಹರ್ಟ್ಸ್ ಆದರೆ 8 ಮಿಲಿಸೆಕೆಂಡಿಗೊಮ್ಮೆ, 1000 ಆದರೆ ಒಂದು ಮಿಲಿಸೆಕೆಂಡಿಗೊಮ್ಮೆ. 1000ಕ್ಕೆ ಇಟ್ಟು ಮರೆತುಬಿಡಿ. 4000, 8000 ಹರ್ಟ್ಸ್ ಮೌಸುಗಳೂ ಬಂದಿವೆ. 8000ದಲ್ಲಿ ವರದಿ 0.125 ಮಿಲಿಸೆಕೆಂಡಿಗೊಮ್ಮೆ. ಆದರೆ ಪ್ರತಿ ವರದಿಯನ್ನೂ ಪ್ರೊಸೆಸರ್ ಓದಬೇಕಲ್ಲ? ನಾಲ್ಕೈದು ವರ್ಷ ಹಳೆಯ ಕಂಪ್ಯೂಟರಿನಲ್ಲಿ 8000 ಹಾಕಿದರೆ ಮೌಸ್ ಅಲುಗಾಡಿಸಿದಾಗಲೇ ಫ್ರೇಮ್ ಕುಸಿಯುವುದುಂಟು. ಹಾಗಾದರೆ 1000ಕ್ಕೆ ವಾಪಸ್ ಬನ್ನಿ. ವೈರ್‌ಲೆಸ್ಸಿನಲ್ಲಿ ಬ್ಯಾಟರಿಯೂ ಬೇಗ ಇಳಿಯುತ್ತದೆ.

ಸಾಫ್ಟ್‌ವೇರ್ ತೆರೆದಿರುವಾಗಲೇ ಆಂಗಲ್ ಸ್ನ್ಯಾಪಿಂಗ್ ಆಫ್ ಮಾಡಿ. ನಿಮ್ಮ ಓರೆ ಗೆರೆಯನ್ನು ಅದು ತಾನಾಗೇ ನೇರ ಮಾಡುತ್ತದೆ. ಲಿಫ್ಟ್-ಆಫ್ ದೂರವನ್ನು (ಎಷ್ಟು ಎತ್ತಿದ ಮೇಲೆ ಮೌಸ್ ಓದುವುದನ್ನು ನಿಲ್ಲಿಸುತ್ತದೆ ಎಂಬುದು) ಕಡಿಮೆಗೆ ಇಳಿಸಿ, ಇಲ್ಲದಿದ್ದರೆ ಮೌಸ್ ಎತ್ತಿ ಹಿಂದಿಡುವಾಗ ಗುರಿ ಅಲುಗುತ್ತದೆ. ಡಿಬೌನ್ಸ್ ಸಮಯ ಕ್ಲಿಕ್ಕಿಗೆ ಸಂಬಂಧಿಸಿದ್ದು. ಅದನ್ನು ಸೊನ್ನೆಗೆ ಇಳಿಸಿದ ಮೇಲೆ ಒಂದು ಕ್ಲಿಕ್ ಎರಡಾಗತೊಡಗಿದರೆ ಸ್ವಲ್ಪ ಏರಿಸಿ.

ಹಂತ 6: ಪರದೆ ಮತ್ತು ಫ್ರೇಮ್

144 ಹರ್ಟ್ಸ್ ಮಾನಿಟರ್ ಕೊಂಡು ವರ್ಷಗಟ್ಟಲೆ 60ರಲ್ಲಿ ಆಡುವವರು ಎಷ್ಟು ಜನ ಗೊತ್ತೇ? ವಿಂಡೋಸ್ ಎಲ್ಲ ಸಲವೂ ತಾನಾಗಿ ಏರಿಸುವುದಿಲ್ಲ. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್‌ಡ್ ಡಿಸ್‌ಪ್ಲೇ ಎಂದು ಹೋಗಿ ರಿಫ್ರೆಶ್ ರೇಟನ್ನು ನೀವೇ ಆರಿಸಬೇಕು. 60ರಲ್ಲಿ ಪ್ರತಿ ಚಿತ್ರ 16.7 ಮಿಲಿಸೆಕೆಂಡಿಗೊಮ್ಮೆ ಬದಲಾದರೆ 144ರಲ್ಲಿ 6.9ಕ್ಕೊಮ್ಮೆ. ಮೌಸಿನ ಪೋಲಿಂಗ್ ರೇಟನ್ನು 1000ದಿಂದ 8000ಕ್ಕೆ ಏರಿಸಿ ಒಂದು ಮಿಲಿಸೆಕೆಂಡೂ ಗಳಿಸದವರು ಇಲ್ಲಿ ಹತ್ತು ಮಿಲಿಸೆಕೆಂಡು ಚೆಲ್ಲುತ್ತಿರುತ್ತಾರೆ. ಮಾನಿಟರಿನ ಕೇಬಲ್ಲನ್ನು ಮದರ್‌ಬೋರ್ಡಿಗಲ್ಲ, ಗ್ರಾಫಿಕ್ಸ್ ಕಾರ್ಡಿಗೇ ಸಿಕ್ಕಿಸಿದ್ದೀರಾ ಅಂತಲೂ ನೋಡಿಕೊಳ್ಳಿ. ಟಿವಿಯನ್ನೇ ಮಾನಿಟರ್ ಮಾಡಿಕೊಂಡಿದ್ದರೆ ಅದರ ಗೇಮ್ ಮೋಡ್ ಆನ್ ಮಾಡದೆ ಮುಂದೆ ಓದುವುದೇ ಬೇಡ.

ಆಟದೊಳಗೆ ವಿ-ಸಿಂಕ್ ಆಫ್. ಮೌಸ್ ಎಣ್ಣೆಯಲ್ಲಿ ಅದ್ದಿ ತೆಗೆದಂತೆ ತೇಲುವ ಅನುಭವಕ್ಕೆ ಬಹುಪಾಲು ಇದೇ ಕಾರಣ: ತಯಾರಾದ ಚಿತ್ರವನ್ನು ಪರದೆಯ ಸರದಿ ಬರುವ ತನಕ ತಡೆದಿಡುತ್ತದೆ. ಎನ್‌ವಿಡಿಯಾ ಕಾರ್ಡಿದ್ದು ಆಟದಲ್ಲಿ ರಿಫ್ಲೆಕ್ಸ್ ಎಂಬ ತಡ ಇಳಿಸುವ ಆಯ್ಕೆಯಿದ್ದರೆ ಆನ್. ಗ್ರಾಫಿಕ್ಸ್ ಕಾರ್ಡ್ ಸದಾ 99 ಪ್ರತಿಶತದಲ್ಲಿ ಏದುಸಿರು ಬಿಡುತ್ತಿದ್ದರೆ ಚಿತ್ರಗಳು ಸಾಲುಗಟ್ಟಿ ನಿಲ್ಲುತ್ತವೆ. ನೆರಳು, ಎಫೆಕ್ಟ್ಸ್ ಇಳಿಸಿ, ಫ್ರೇಮಿಗೆ ಒಂದು ಮಿತಿ ಹಾಕಿ. ಸೆಕೆಂಡಿಗೆ ಏರಿಳಿಯುವ 200 ಫ್ರೇಮಿಗಿಂತ ಅಲುಗದ 140 ಕೈಗೆ ಹಿತ. ಲ್ಯಾಪ್‌ಟಾಪಿನವರು ಚಾರ್ಜರ್ ಸಿಕ್ಕಿಸಿಯೇ ಆಡಿ. ಕರೆಂಟ್ ಹೋದ ಮರುಕ್ಷಣ ಮೌಸ್ ಭಾರವಾಯಿತು ಅನಿಸುವುದು ಭ್ರಮೆಯಲ್ಲ, ಬ್ಯಾಟರಿಗೆ ಬಂದ ತಕ್ಷಣ ಗ್ರಾಫಿಕ್ಸ್ ಶಕ್ತಿ ಇಳಿಯುತ್ತದೆ.

ಆಟದೊಳಗಿನ ಆಯ್ಕೆಗೂ ಹೊರಗಿನಿಂದ ಆಟದ ಕೋಡಿಗೆ ಕೈ ಹಾಕುವುದಕ್ಕೂ ವ್ಯತ್ಯಾಸವಿದೆ. 2023ರ ಅಕ್ಟೋಬರಿನಲ್ಲಿ ಎಎಂಡಿ ತನ್ನ ಡ್ರೈವರಿನಲ್ಲೇ ಕೊಟ್ಟ ಆಂಟಿ-ಲ್ಯಾಗ್ ಪ್ಲಸ್ ಆನ್ ಮಾಡಿದ ಕೌಂಟರ್-ಸ್ಟ್ರೈಕ್ 2 ಆಟಗಾರರು ಬ್ಯಾನ್ ಆಗತೊಡಗಿದರು. ಆ ಆಟದ ಕಂಪನಿ ವಾಲ್ವ್ ಎಚ್ಚರಿಸಿದ ಮೇಲೆ ಎಎಂಡಿ ಅದನ್ನು ಹಿಂತೆಗೆದುಕೊಂಡಿತು. ಅಷ್ಟು ದೊಡ್ಡ ಕಂಪನಿಯದ್ದಕ್ಕೇ ಹೀಗಾದರೆ ಟೆಲಿಗ್ರಾಮಿನಲ್ಲಿ ಸಿಕ್ಕ ಫೈಲಿನ ಗತಿಯೇನು?

ಹಂತ 7: ಈಗ ಸೆನ್ಸಿಟಿವಿಟಿ

ಇಲ್ಲಿಯವರೆಗಿನದು ಹೊಲ ಹದ ಮಾಡಿದ್ದು, ಬಿತ್ತನೆ ಈಗ. ಸೆನ್ಸಿಟಿವಿಟಿಯನ್ನು 0.4, 0.8 ಎಂಬ ಸಂಖ್ಯೆಯಲ್ಲಿ ಯೋಚಿಸುವುದನ್ನು ಬಿಡಿ. ಒಬ್ಬನ 0.4ಕ್ಕೂ ಇನ್ನೊಬ್ಬನ 0.4ಕ್ಕೂ ಡಿಪಿಐ ಬೇರೆಯಾದರೆ ಸಂಬಂಧವೇ ಇಲ್ಲ. ಬದಲಿಗೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಆಟದಲ್ಲಿ ಪೂರ್ತಿ ಒಂದು ಸುತ್ತು ತಿರುಗಲು ನನ್ನ ಮೌಸ್ ಪ್ಯಾಡಿನ ಮೇಲೆ ಎಷ್ಟು ಸೆಂಟಿಮೀಟರ್ ಹೋಗಬೇಕು?

ಲೆಕ್ಕ ಸುಲಭ. ಡಿಪಿಐಯನ್ನು ಆಟದ ಸೆನ್ಸಿಟಿವಿಟಿಯಿಂದ ಗುಣಿಸಿ. ಅದಕ್ಕೆ ಇ-ಡಿಪಿಐ ಅನ್ನುತ್ತಾರೆ. ವ್ಯಾಲೊರಂಟ್ ಆದರೆ 13,063ನ್ನು ಆ ಇ-ಡಿಪಿಐಯಿಂದ ಭಾಗಿಸಿ. ಕೌಂಟರ್-ಸ್ಟ್ರೈಕ್ 2 ಆದರೆ 41,564ನ್ನು ಭಾಗಿಸಿ. ಬಂದದ್ದು ಸೆಂಟಿಮೀಟರ್. ಈ ಸಂಖ್ಯೆಗಳು ಆಕಾಶದಿಂದ ಬಿದ್ದವಲ್ಲ: ಸೆನ್ಸಿಟಿವಿಟಿ 1 ಇದ್ದಾಗ ಮೌಸಿನ ಒಂದು ಎಣಿಕೆಗೆ ವ್ಯಾಲೊರಂಟ್ 0.07 ಡಿಗ್ರಿ ತಿರುಗುತ್ತದೆ, ಕೌಂಟರ್-ಸ್ಟ್ರೈಕ್ 0.022 ಡಿಗ್ರಿ. 360 ಡಿಗ್ರಿಯನ್ನು ಅದರಿಂದ ಭಾಗಿಸಿ 2.54ರಿಂದ ಗುಣಿಸಿದ್ದು ಅಷ್ಟೇ. ಒಂದು ಆಟದಿಂದ ಇನ್ನೊಂದಕ್ಕೆ ಹೋಗುವವರು ಕೌಂಟರ್-ಸ್ಟ್ರೈಕ್ ಸಂಖ್ಯೆಯನ್ನು 3.18ರಿಂದ ಭಾಗಿಸಿದರೆ ವ್ಯಾಲೊರಂಟ್ ಸಂಖ್ಯೆ ಸಿಗುವುದೂ ಇದೇ ಕಾರಣಕ್ಕೆ.

ದಾವಣಗೆರೆಯವನ ಲೆಕ್ಕ ನೋಡೋಣ. ಡಿಪಿಐ 3200, ವ್ಯಾಲೊರಂಟ್ ಸೆನ್ಸಿಟಿವಿಟಿ 0.5. ಇ-ಡಿಪಿಐ 1600. ಸುತ್ತು ತಿರುಗಲು ಬರಿ 8.2 ಸೆಂಟಿಮೀಟರ್. ಅಂಗೈ ಅಗಲದಷ್ಟು ಜಾಗದಲ್ಲಿ ಇಡೀ ಲೋಕ ಒಂದು ಸುತ್ತು! ದೂರದಲ್ಲಿ ಬಟಾಣಿಯಷ್ಟು ಕಾಣುವ ತಲೆಗೆ ಗುರಿಯಿಡಲು ಅವನ ಮಣಿಕಟ್ಟು ಕೂದಲೆಳೆಯಷ್ಟು ಅಲುಗಬೇಕಿತ್ತು. ವೃತ್ತಿಪರ ವ್ಯಾಲೊರಂಟ್ ಆಟಗಾರರಲ್ಲಿ ಹೆಚ್ಚಿನವರು 200ರಿಂದ 400 ಇ-ಡಿಪಿಐ ನಡುವೆ ಇರುತ್ತಾರೆ, ಅಂದರೆ ಸುತ್ತಿಗೆ 33ರಿಂದ 65 ಸೆಂಟಿಮೀಟರ್. ಅವನಿಗೆ ಕೊನೆಗೆ ನಿಂತದ್ದು 800 ಡಿಪಿಐ, 0.35, ಸುಮಾರು 47 ಸೆಂಟಿಮೀಟರ್. ಒಮ್ಮೆಲೇ ಅಲ್ಲ. ಮೊದಲ ವಾರ 800 ಡಿಪಿಐ, 1.0. ಮುಂದಿನ ವಾರ 0.6. ಆಮೇಲೆ 0.35. ಮೊದಲ ವಾರ "ಕೈ ನೋಯ್ತಿದೆ" ಅಂದ. ಮಣಿಕಟ್ಟಿನಿಂದ ಮಾತ್ರ ಆಡಿ ಅಭ್ಯಾಸವಾದವರಿಗೆ ಮೊಣಕೈಯಿಂದ ಆಡಲು ಸಮಯ ಬೇಕು. ಕುರ್ಚಿ ಎತ್ತರಿಸಿ, ಮೊಣಕೈ ಮೇಜಿನ ಮೇಲೆ ಊರುವಂತೆ ಮಾಡಿದ ಮೇಲೆ ಸರಿಹೋಯಿತು.

ಡಿಪಿಐ ಕಡಿಮೆಯಿಟ್ಟು ಆಟದ ಸೆನ್ಸಿಟಿವಿಟಿ ಏರಿಸುವುದು ಇನ್ನೊಂದು ಎಡವಟ್ಟು. ವ್ಯಾಲೊರಂಟಿನಲ್ಲಿ ಸೆನ್ಸಿಟಿವಿಟಿ 2 ಇಟ್ಟರೆ ಒಂದು ಎಣಿಕೆಗೆ 0.14 ಡಿಗ್ರಿ ಹೋಗುತ್ತದೆ. 1920 ಪಿಕ್ಸೆಲ್ ಪರದೆಯ ನಡುವೆ ಒಂದು ಪಿಕ್ಸೆಲ್ಲಿಗೆ ಸುಮಾರು 0.075 ಡಿಗ್ರಿ. ಅಂದರೆ ಮೌಸಿನ ಅತಿ ಸಣ್ಣ ಅಲುಗಾಟವೂ ಎರಡು ಪಿಕ್ಸೆಲ್ ಹಾರುತ್ತದೆ, ನಡುವಿನದಕ್ಕೆ ಗುರಿಯಿಡಲು ಸಾಧ್ಯವೇ ಇಲ್ಲ. ಇ-ಡಿಪಿಐ ಹೆಚ್ಚೇ ಬೇಕೆಂದರೆ ಡಿಪಿಐಯನ್ನು 1600ಕ್ಕೆ ಏರಿಸಿ, ಆಟದ ಸಂಖ್ಯೆ ಇಳಿಸಿ.

ಈಗ ಕಣ್ಣಾರೆ ಅಳೆಯಿರಿ. ವ್ಯಾಲೊರಂಟಿನ ಅಭ್ಯಾಸದ ರೇಂಜಿಗೆ ಹೋಗಿ, ಗೋಡೆಯ ಮೇಲೆ ಒಂದು ಮೂಲೆಯನ್ನು ಗುರುತು ಮಾಡಿಕೊಂಡು ಕ್ರಾಸ್‌ಹೇರ್ ಅಲ್ಲಿಡಿ. ಮೌಸಿನ ಎಡ ಅಂಚನ್ನು ಸ್ಕೇಲಿನ ಸೊನ್ನೆಗೆ ತಾಗಿಸಿ, ಬಲಕ್ಕೆ ನೇರ ಎಳೆಯಿರಿ. ಸ್ಕೇಲು ಮುಗಿಯುವಷ್ಟರಲ್ಲಿ ಸುತ್ತು ಮುಗಿಯದಿದ್ದರೆ ಬೆನ್ನ ಹಿಂದಿನ ಗುರುತಿನವರೆಗೆ ಅರ್ಧ ಸುತ್ತು ಅಳೆದು ಎರಡರಿಂದ ಗುಣಿಸಿ. ಲೆಕ್ಕಕ್ಕೂ ಅಳತೆಗೂ ಹತ್ತಿರವಿದ್ದರೆ ಇಲ್ಲಿಯವರೆಗಿನ ಹಂತಗಳು ಸರಿಯಾಗಿವೆ.

ಆಮೇಲೆ ಹೋಗಿಬರುವ ಪರೀಕ್ಷೆ. ಕ್ರಾಸ್‌ಹೇರ್ ಅದೇ ಮೂಲೆಯಲ್ಲಿರಲಿ. ಮೌಸನ್ನು ಮೆಲ್ಲಗೆ 20 ಸೆಂಟಿಮೀಟರ್ ಬಲಕ್ಕೆ ಒಯ್ದು, ಅಲ್ಲಿಂದ ರಪ್ಪನೆ ಸೊನ್ನೆಗೆ ತನ್ನಿ. ಕ್ರಾಸ್‌ಹೇರ್ ಅದೇ ಮೂಲೆಗೆ ಮರಳಬೇಕು. ಮೂಲೆ ದಾಟಿ ಆಚೆ ಹೋದರೆ ಎಲ್ಲೋ ಆಕ್ಸೆಲರೇಶನ್ ಉಳಿದಿದೆ. ಹಂತ 4 ಮತ್ತೆ ಮಾಡಿ, ಮೌಸ್ ಕಂಪನಿಯ ಸಾಫ್ಟ್‌ವೇರಿನಲ್ಲೂ ಆ ಹೆಸರಿನ ಸ್ಲೈಡರ್ ಇದೆಯೇ ನೋಡಿ. ಮೂಲೆ ತಲುಪದೆ ಹಿಂದೆಯೇ ನಿಂತರೆ, ಅಥವಾ ಕ್ರಾಸ್‌ಹೇರ್ ಆಕಾಶಕ್ಕೋ ನೆಲಕ್ಕೋ ಹಾರಿದರೆ, ಆ ವೇಗಕ್ಕೆ ಸೆನ್ಸರಿನ ಕಣ್ಣು ಸಾಲುತ್ತಿಲ್ಲ. ಬೇರೆ ಪ್ಯಾಡಿನಲ್ಲೂ ಹಾಗೇ ಆದರೆ ಮೌಸ್ ಬದಲಿಸದೆ ದಾರಿಯಿಲ್ಲ.

ಕೊನೆಯ ಹೊಂದಾಣಿಕೆ ಕೈಯದ್ದು. ನಿಂತ ಬೊಂಬೆಗಳ ಮೇಲೆ ಐವತ್ತು ಗುಂಡು ಹೊಡೆಯಿರಿ, ತಪ್ಪಿದ್ದು ಗುರಿ ದಾಟಿಯೋ ಅಥವಾ ಗುರಿ ಮುಟ್ಟದೆಯೋ ಎಂದು ಹಾಳೆಯಲ್ಲಿ ಗೆರೆ ಹಾಕಿ. ದಾಟಿದ್ದೇ ಹೆಚ್ಚಾದರೆ ಸೆನ್ಸಿಟಿವಿಟಿಯನ್ನು ನೂರಕ್ಕೆ ಹತ್ತು ಇಳಿಸಿ, ಮುಟ್ಟದ್ದೇ ಹೆಚ್ಚಾದರೆ ಅಷ್ಟೇ ಏರಿಸಿ. ಎರಡೂ ಸರಿಸುಮಾರು ಸಮವಾದರೆ ಅಲ್ಲೇ ನಿಲ್ಲಿ. ಇನ್ನುಳಿದದ್ದು ಸೆಟ್ಟಿಂಗಿನ ತಪ್ಪಲ್ಲ, ಅಭ್ಯಾಸದ್ದು. ಎರಡು ವಾರ ಆ ಸಂಖ್ಯೆ ಮುಟ್ಟಬೇಡಿ. ಒಂದು ಪಂದ್ಯ ಸೋತ ಸಿಟ್ಟಿನಲ್ಲಂತೂ ಮುಟ್ಟಲೇಬೇಡಿ.

ಸ್ಕೋಪಿನ (ಬಂದೂಕಿನ ದುರ್ಬೀನಿನಲ್ಲಿ ನೋಡುವಾಗಿನ) ಸೆನ್ಸಿಟಿವಿಟಿಯನ್ನು ಸದ್ಯಕ್ಕೆ 1ರಲ್ಲೇ ಬಿಡಿ. ಮೂಲ ಸಂಖ್ಯೆ ಗಟ್ಟಿಯಾದ ಮೇಲೆ ಬೇಕಿದ್ದರೆ ನೋಡಿಕೊಳ್ಳಬಹುದು.

ಮೌಸ್ ಬದಲಿಸುವ ಕಾಲ ಬಂದಿದೆಯೇ?

ಒಂದು ಕ್ಲಿಕ್ಕಿಗೆ ಎರಡು ಬೀಳುವುದು, ಫೈಲ್ ಎಳೆಯುವಾಗ ನಡುವೆ ಜಾರಿಬೀಳುವುದು ಸ್ವಿಚ್ ಸವೆದ ಗುರುತು. ವೈರಿನ ಬುಡ ಅಲುಗಿಸಿದಾಗ ದೀಪ ಆರಿ ಹತ್ತಿದರೆ ಒಳಗೆ ತಂತಿ ಮುರಿದಿದೆ. ಸ್ಕ್ರಾಲ್ ಚಕ್ರ ಕೆಳಗೆ ತಿರುಗಿಸಿದಾಗ ಪುಟ ಮೇಲಕ್ಕೆ ಜಿಗಿದರೆ ಒಳಗೆ ಧೂಳಿರಬಹುದು, ಊದಿ ನೋಡಿ. ಮೊದಲೆರಡಕ್ಕೆ ವಾರಂಟಿ ಇದ್ದರೆ ಮೌಸ್ ಬಿಚ್ಚುವ ಮೊದಲು ಕಾರ್ಡು ಹುಡುಕಿ. ಸ್ಕ್ರೂಗಳು ಸಾಮಾನ್ಯವಾಗಿ ಅಡಿಯ ಜಾರುಪಟ್ಟಿಗಳ ಕೆಳಗಿರುತ್ತವೆ, ಒಮ್ಮೆ ಕಿತ್ತರೆ ಪಟ್ಟಿ ಮತ್ತೆ ಮೊದಲಿನಂತೆ ಅಂಟುವುದಿಲ್ಲ.

ಹೊಸದು ತಂದರೆ ಹಳೆಯ ಹಾಳೆ ಎಸೆಯಬೇಡಿ. ಡಿಪಿಐಯನ್ನು ಸ್ಕೇಲಿನಿಂದ ಮತ್ತೆ ಅಳೆದು, ಹಳೆಯ ಸುತ್ತಿನ ಸೆಂಟಿಮೀಟರ್ ಬರುವಂತೆ ಆಟದ ಸಂಖ್ಯೆಯನ್ನು ಹೊಂದಿಸಿ. ದಾವಣಗೆರೆಯ ಹಾಳೆ ಈಗ ಆ ಗಾಜಿನಡಿ, ಅಜ್ಜನ ಫೋಟೊ ಪಕ್ಕದಲ್ಲೇ ಇದೆ. ಮೇಲೆ ಕಪ್ಪು ಬಟ್ಟೆಯ ಪ್ಯಾಡು ಹಾಸಿರುವುದರಿಂದ ಓದಬೇಕೆಂದರೆ ಪ್ಯಾಡಿನ ಮೂಲೆ ಎತ್ತಬೇಕು.